ಕೈಯಾಟವನ್ನು ಟಿವಿಗೆ ಹಚ್ಚಲು ಹೊರಟ ಶ್ರಾವಣ

ಸಗಟು ವ್ಯಾಪಾರಿ ನಮ್ಮ ಮನೆಗೆ ಬಂದದ್ದು ಶ್ರಾವಣದ ಮೊದಲ ಸೋಮವಾರ. ನಾನು ಆಗಷ್ಟೇ ಗುಡಿಯಿಂದ ಬಂದು, ಹಣೆಯ ವಿಭೂತಿ ಆರುವ ಮೊದಲೇ ಚಹಾಕ್ಕೆ ನೀರಿಟ್ಟಿದ್ದೆ. ಗೋಳಗುಮ್ಮಟದ ಕಡೆ ಅವರದು ಮಕ್ಕಳ ಆಟದ ಸಾಮಾನಿನ ದೊಡ್ಡ ಅಂಗಡಿ. ಅಲ್ಲಿಂದ ಸುತ್ತಲಿನ ಹಳ್ಳಿಗಳ ಅಂಗಡಿಗಳಿಗೂ ಮಾಲು ಹೋಗುತ್ತದೆ. ನಾವು ಮಾಡುವ ಕೈಯಾಟಗಳಲ್ಲಿ ಮುಕ್ಕಾಲು ಪಾಲನ್ನು ಕೊಳ್ಳುವವರು ಅವರೇ. ಹೀಗಾಗಿ ಅವರು ಬಂದರೆ ನಮ್ಮ ಮನೆಯಲ್ಲಿ ಎಲ್ಲರೂ ಒಂದು ಕ್ಷಣ ಎದ್ದು ನಿಲ್ಲುತ್ತೇವೆ.

ಕೈಯಾಟ ಎಂಬುದು ನಾವೇ ಇಟ್ಟುಕೊಂಡ ಹೆಸರು. ಅಂಗೈಯಲ್ಲಿ ಹಿಡಿದು ಆಡುವ ಸಣ್ಣ ಯಂತ್ರ. ಬೆಂಕಿಪೊಟ್ಟಣ ಎರಡನ್ನು ಜೋಡಿಸಿದಷ್ಟು ಸ್ಕ್ರೀನು, ಆರು ಬಟನ್ನು, ಮೊಬೈಲಿನ ಚಾರ್ಜರಿಗೇ ಹಚ್ಚಬಹುದಾದ ಬ್ಯಾಟರಿ. ಒಳಗೆ ಹುಲಿ-ಕುರಿ ಆಟ ಉಂಟು, ಚೌಕಾಬಾರ ಉಂಟು, ಮಗ್ಗಿ ಹೇಳಿಸುವ ಆಟ ಉಂಟು. ಎಲ್ಲಕ್ಕಿಂತ ಹೆಚ್ಚು ಜನ ಇಷ್ಟಪಡುವುದು ಗುಂಡಿನ ಆಟ. ಯಂತ್ರವನ್ನೇ ಅತ್ತಿತ್ತ ಓರೆ ಮಾಡಿ, ಒಳಗಿನ ಗುಂಡನ್ನು ಉರುಳಿಸುತ್ತ ಗುಮ್ಮಟದ ಬಾಗಿಲಿಗೆ ತಲುಪಿಸಬೇಕು. ಇದರ ಪ್ರೋಗ್ರಾಂ ಎಲ್ಲ ಬರೆದವನು ನನ್ನ ಮೈದುನ. ಸರ್ಕ್ಯೂಟಿನ ಕೆಲಸ ನಮ್ಮ ಮನೆಯವರದು. ಅವರು ಮೊದಲು ಟಿವಿ ರಿಪೇರಿ ಮಾಡುತ್ತಿದ್ದರು. ನಮ್ಮ ಪಡಸಾಲೆಯಲ್ಲಿ ಐವರು ಹೆಣ್ಣುಮಕ್ಕಳು ಕೂತು ಬೆಸುಗೆ ಹಾಕುತ್ತಾರೆ, ಸ್ಕ್ರೀನು ಕೂರಿಸುತ್ತಾರೆ. ಕಟ್ಟಕಡೆಗೆ ಪ್ರತಿಯೊಂದೂ ನನ್ನ ಕೈಗೆ ಬರುತ್ತದೆ. ಒಂದೊಂದು ಬಟನ್ನನ್ನೂ ಇಪ್ಪತ್ತು ಸಲ ಒತ್ತಿ ನೋಡಿ ಪೆಟ್ಟಿಗೆಗೆ ಹಾಕುವುದು ನನ್ನ ಕೆಲಸ. ಅಡಿಗೆ, ಪೂಜೆ, ಇದು, ಇಷ್ಟೇ ನನ್ನ ದಿನ.

ವ್ಯಾಪಾರಿ ಚಹಾ ಕುಡಿದು ಬಟ್ಟಲು ಕೆಳಗಿಟ್ಟರು.

"ಅಕ್ಕಾರ, ಈಗ ಹಳ್ಳಿ ಮನ್ಯಾಗೂ ಗ್ವಾಡಿ ತುಂಬ ಟಿವಿ ಬಂದಾವ. ಇಷ್ಟ ಸಣ್ಣ ಸ್ಕ್ರೀನಿನ್ಯಾಗ ಕಣ್ಣ ಕಿರಿದ ಮಾಡ್ಕೊಂಡ ಯಾರ ಆಡ್ತಾರ? ಇದನ್ನ ಟಿವಿಗಿ ಹಚ್ಚೂ ಹಂಗ ಮಾಡಿಕೊಡ್ರಿ. ದಸರಾ ಸೂಟಿಗಿ ಸಾವಿರ ಡಬ್ಬಿ ಒಯ್ತೇನಿ."

ಸಾವಿರ ಎಂದ ಕೂಡಲೇ ಮೈದುನನ ಮುಖ ಅರಳಿತು. ವ್ಯಾಪಾರಿ ಎರಡು ಕರಾರು ಹೇಳಿದರು. ಒಂದು, ದಸರೆಗೆ ಕೈಯಾಟ ನಿಲ್ಲಿಸಬೇಕು. "ಒಂದ ಕಪಾಟಿನ್ಯಾಗ ಎರಡೂ ಇಟ್ರ ಒಂದನ್ನೊಂದ ತಿಂತಾವ," ಎಂದರು. ಎರಡನೆಯದು, ಸೂಟಿ ಮುಗಿದ ಮೇಲೆ ಮಾರದೆ ಉಳಿದ ಡಬ್ಬಿಗಳನ್ನು ನಾವೇ ವಾಪಸ್ ತೆಗೆದುಕೊಳ್ಳಬೇಕು. ಡಬ್ಬಿಯ ಪ್ಲಾಸ್ಟಿಕ್ ಅಚ್ಚು ಬೆಳಗಾವಿಯಲ್ಲಿ ಆಗಬೇಕಿತ್ತು. ಅದಕ್ಕಾಗಿ ಗಣಪ್ಪನ ಹಬ್ಬದೊಳಗೆ ಹೂಂ ಅಥವಾ ಊಹೂಂ ಹೇಳಬೇಕೆಂದು ಹೇಳಿ ಹೋದರು.

ಇಟ್ಟಂಗಿಹಾಳದಿಂದ ಬರುವ ಹೆಣ್ಣುಮಗಳೊಬ್ಬಳು ನಮ್ಮಲ್ಲಿ ಮೊದಲ ದಿನದಿಂದ ಇದ್ದಾಳೆ. ಬೆಸುಗೆಯಲ್ಲಿ ಅವಳ ಕೈ ಎಷ್ಟು ನಯವೋ ಬಾಯಿ ಅಷ್ಟೇ ಚುರುಕು. ವ್ಯಾಪಾರಿಯ ಗಾಡಿಯ ಸದ್ದು ಮರೆಯಾಗುವವರೆಗೆ ಕಾದು ಕೇಳಿದಳು, "ಅಕ್ಕಾರ, ಟಿವಿಗಿ ಹಚ್ಚಿದ ಮ್ಯಾಲ ಸ್ಕ್ರೀನ್ ಕೂರಸೂದ ಹೋತು, ಬ್ಯಾಟರಿ ಹಚ್ಚೂದ ಹೋತು. ನಾವು ಐದೂ ಮಂದಿ ಕುಂತ ಏನ ಮಾಡೂದರಿ, ಭಜನಿ?"

"ಸಾವಿರ ಡಬ್ಬಿ ಅದಾವಬೇ, ಕೈ ಬಿಡುವಾಗಂಗಿಲ್ಲ ನಿಂದು," ಎಂದ ಮೈದುನ.

"ಸಾವಿರ ಹೊಳ್ಳಿ ಬಂದ್ರ?"

ವ್ಯಾಪಾರದ ಲೆಕ್ಕ ನನಗೆ ಅಷ್ಟಾಗಿ ತಿಳಿಯುವುದಿಲ್ಲ. ಇದು ಮಾತ್ರ ತಿಳಿಯಿತು. ಡಬ್ಬಿ ಹಿಂದಕ್ಕೆ ಬಂದರೆ ಡಬ್ಬಿಯ ದುಡ್ಡೂ ಕೈಗೆ ಬರುವುದಿಲ್ಲ, ಕೈಯಾಟವೂ ಉಳಿಯುವುದಿಲ್ಲ. ಈ ಪಡಸಾಲೆಯ ಬಾಗಿಲು ಹಾಕಬೇಕಾಗುತ್ತದೆ. ಐವರಲ್ಲಿ ಇಬ್ಬರ ಮನೆ ನಡೆಯುವುದೇ ಇಲ್ಲಿಯ ದುಡಿಮೆಯಿಂದ.

ಆದರೂ ಮೊದಲು ಡಬ್ಬಿ ಮಾಡಿ ನೋಡೋಣವೆಂದು ನಿಶ್ಚಯವಾಯಿತು. ಮನೆಯವರು ಸ್ಕ್ರೀನು, ಬ್ಯಾಟರಿ ತೆಗೆದು, ಬೋರ್ಡನ್ನು ಅಚ್ಚು ಬರುವತನಕ ಒಂದು ಊಟದ ಡಬ್ಬಿಯಲ್ಲಿ ಕೂರಿಸಿದರು. ಟಿವಿಗೆ ಹಚ್ಚಲು ಕೆಂಪು, ಬಿಳಿ, ಹಳದಿ ಮೂರು ಪಿನ್ನಿನ ವಾಯರು. "ಹಳೀ ಟಿವಿಗೂ ಈ ಮೂರ ತೂತ ಇರ್ತಾವ, ಹೊಸಾದಕ್ಕೂ ಇರ್ತಾವ," ಎಂದರು ಮನೆಯವರು. ಅವರ ಅನುಭವದ ಮಾತು, ಸುಳ್ಳಲ್ಲ. ಇಬ್ಬರು ಆಡಲೆಂದು ಉದ್ದ ವಾಯರಿನ ಎರಡು ಹಿಡಿಕೆಗಳು.

ಮೊದಲ ಸಲ ಹಚ್ಚಿದಾಗ ನಗು ತಡೆಯಲಾಗಲಿಲ್ಲ. ಪುಟ್ಟ ಸ್ಕ್ರೀನಿಗಾಗಿ ಚುಕ್ಕಿ ಚುಕ್ಕಿ ಇಟ್ಟು ಬರೆದಿದ್ದ ಕನ್ನಡ ಅಕ್ಷರಗಳು ಟಿವಿಯಲ್ಲಿ ಇಟ್ಟಂಗಿ ಒಟ್ಟಿದ ಹಾಗೆ ಕಾಣುತ್ತಿದ್ದವು. ಒತ್ತಕ್ಷರಗಳಂತೂ ಮೇಲಿನ ಅಕ್ಷರಕ್ಕೇ ಅಂಟಿಕೊಂಡಿದ್ದವು. ಮೈದುನ ಎಂಟು ದಿನ ಕೂತು ಅಕ್ಷರಗಳನ್ನೆಲ್ಲ ಹೊಸದಾಗಿ ಬರೆದ. ಅದಾದ ಮೇಲೆ ಹುಲಿಯ ಕಾಟ. ಬಟನ್ ಒತ್ತಿದರೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಜಿಗಿಯುತ್ತಿತ್ತು. ಅದನ್ನೂ ಸರಿಪಡಿಸಿದ. ಗುಂಡಿನ ಆಟ ಮಾತ್ರ ಸರಿಹೋಗಲಿಲ್ಲ. ಟಿವಿಯನ್ನು ಓರೆ ಮಾಡಲು ಆಗುವುದಿಲ್ಲವಲ್ಲ. ಬಟನ್ನಿನಿಂದ ಗುಂಡು ಓಡುವಂತೆ ಮಾಡಿದ. ಗುಂಡು ಓಡಿತು, ಆದರೆ ಆಡಿದವರ ಮೈ ಓರೆಯಾಗಲಿಲ್ಲ. ಉಪ್ಪು ಹಾಕದ ಸಾರಿನಂತಿತ್ತು. ನಾನು ಹಾಗೆಂದಾಗ, ರೂಢಿಯಾಗುತ್ತದೆ ಅಂದ ಮೈದುನ.

ಇಷ್ಟೆಲ್ಲ ಪರೀಕ್ಷೆ ನಡೆದದ್ದು ನಮ್ಮ ಪಡಸಾಲೆಯ ಟಿವಿಯ ಮೇಲೆ. ಆ ಟಿವಿ ಬಿಡುವಾಗಿಯೇ ಇತ್ತು. ಶ್ರಾವಣ ಪೂರ್ತಿ ಧಾರಾವಾಹಿ ನೋಡುವುದಿಲ್ಲವೆಂದು ನಾನು ಶಿವನ ಮುಂದೆ ಹೇಳಿಕೊಂಡಿದ್ದೆ. ಆಸೆಯೇ ಬೇಡವೆಂದು ಶ್ರಾವಣ ಹಿಡಿದ ದಿನವೇ ಸೆಟ್‌ಟಾಪ್ ಪೆಟ್ಟಿಗೆಯನ್ನು ಬಿಚ್ಚಿ, ವಾಯರು ಸುತ್ತಿ ಕಪಾಟಿನಲ್ಲಿಟ್ಟಿದ್ದೆ. ಹಿಡಿಕೆ ಹಿಡಿದು ನಾನು ಹುಲಿ ಓಡಿಸುವುದನ್ನು ನೋಡಿ ಮನೆಯವರು ಚಾಷ್ಟಿ ಮಾಡುತ್ತಿದ್ದರು, "ಧಾರಾವಾಹಿ ಬಿಟ್ಟಾಕಿ ಹುಲಿ ಬೆನ್ನ ಹತ್ಯಾಳ. ಶಿವಗ ಇದರ ಲೆಕ್ಕ ಹೆಂಗ ಕೊಡ್ತಿ?"

"ಹುಲಿ ಚರ್ಮದ ಮ್ಯಾಲ ಕುಂತಾವ್ಗ ಹುಲೀದೇನ ಲೆಕ್ಕರಿ," ಎಂದೆ.

ಮೂರನೆಯ ವಾರಕ್ಕೆ ಡಬ್ಬಿ ತಪ್ಪಿಲ್ಲದೆ ನಡೆಯತೊಡಗಿತು. ಮೈದುನ ಬೆಳಗಾವಿಗೆ ಫೋನ್ ಮಾಡಿಯೇಬಿಡುತ್ತೇನೆಂದು ಹೊರಟ. ನಾನು ತಡೆದೆ.

"ಒಂದೆರಡ ಮನ್ಯಾಗ ಇಟ್ಟ ನೋಡೂಣಪ್ಪಾ ಮೊದಲ."

"ವೈನಿ, ಇಲ್ಲೇ ಇನ್ನೂರ ಸಲ ಓಡಿಸೇವಿ. ಇನ್ನೇನ ನೋಡೂದೈತಿ?"

"ನಾವು ಮಾಡಿದ್ದ ನಾವ ನೋಡೇವಿ. ರೊಟ್ಟಿ ಮಾಡಿದಾಕಿನ್ನ ರೊಟ್ಟಿ ಹೆಂಗ ಆಗ್ಯಾವಂತ ಕೇಳಿದ್ರ ಏನ ಹೇಳ್ತಾಳ?"

ಅವನು ನಕ್ಕ. ಆ ನಗುವೇ ಒಪ್ಪಿಗೆಯಾಯಿತು. ಅದೊಂದು ದೊಡ್ಡ ಉಪಕಾರ ಎಂದು ಈಗ ಅನ್ನಿಸುತ್ತದೆ. ಅವತ್ತು ಅವನು ಮುಖ ಗಂಟಿಕ್ಕಿದ್ದರೆ ನಾನು ಸುಮ್ಮನಾಗಿಬಿಡುತ್ತಿದ್ದೆ.

ಎರಡು ಡಬ್ಬಿ ಸಿದ್ಧವಾದವು. ಒಂದು ಟಿಕೋಟಾದಲ್ಲಿರುವ ನಾದಿನಿಯ ಮನೆಗೆ, ಇನ್ನೊಂದು ಬಬಲೇಶ್ವರದಲ್ಲಿರುವ ನನ್ನ ಅಕ್ಕನ ಮನೆಗೆ. ಅಕ್ಕನದನ್ನು ಮನೆಯವರು ಗಾಡಿಯ ಮೇಲೆ ಒಯ್ದು ಕೊಟ್ಟು ಬಂದರು. ಟಿಕೋಟಾಕ್ಕೆ ನಾನೇ ಬಸ್ಸಿಗೆ ಹೋದೆ. ಬೀಗರ ಮನೆ, ಅದರಲ್ಲೂ ಶ್ರಾವಣ, ಬರಿಗೈಯಲ್ಲಿ ಹೋಗಲಾದೀತೆ? ಒಂದು ತಾಟಿನಲ್ಲಿ ಕಾಯಿ, ಕುಪ್ಪಸದ ಖಣ, ಎಲಿ-ಅಡಿಕೆ ಇಟ್ಟು, ಅದರ ಮೇಲೆ ಡಬ್ಬಿಯನ್ನೂ ಇಟ್ಟು, ನಾದಿನಿಯ ಅತ್ತೆಯ ಕೈಗೆ ಕೊಟ್ಟೆ. ಎಂಟು ದಿನ ಆಡಿ ನೋಡಿ, ತಪ್ಪಿದ್ದರೆ ಹೇಳಿ ಎಂದೆ. ಆ ಹಿರಿಯರು ತಾಟನ್ನು ಕಣ್ಣಿಗೊತ್ತಿಕೊಂಡರು. ಆಗಲೇ ನನಗೆ ತಿಳಿಯಬೇಕಾಗಿತ್ತು.

ಎರಡು ದಿನ ಬಿಟ್ಟು ಫೋನ್ ಮಾಡಿದೆ. "ಭಾಳ ಚಲೋ ಐತಿ ವೈನಿ," ಎಂದಳು ನಾದಿನಿ. ಮತ್ತೆರಡು ದಿನ ಬಿಟ್ಟು ಮಾಡಿದೆ. "ಭಾಳ ಚಲೋ ಐತಿ ವೈನಿ." ಅದೇ ಮಾತು, ಅದೇ ದನಿ. ಮೈದುನ ಕುಣಿಯುವುದೊಂದೇ ಬಾಕಿ. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಏನು ಚಲೋ ಇದೆ, ಯಾವ ಆಟ ಆಡಿದಿರಿ, ಯಾರು ಗೆದ್ದರು, ಒಂದೂ ಇಲ್ಲ. ಪಲ್ಯ ಚಲೋ ಆಗಿದೆ ಅಂದವರು ಎರಡನೆಯ ಸಲ ಬಡಿಸಿಕೊಳ್ಳದಿದ್ದರೆ ನಮಗೆ ಗೊತ್ತಾಗುವುದಿಲ್ಲವೇ, ಹಾಗೆ.

ಐದನೆಯ ದಿನ ಮುಂಜಾನೆ ಹೇಳದೆ ಕೇಳದೆ ಟಿಕೋಟಾದ ಬಸ್ ಹತ್ತಿದೆ. ನಾದಿನಿ ಬಾಗಿಲಲ್ಲಿ ನನ್ನನ್ನು ನೋಡಿ ಗಾಬರಿಯಾದಳು. ಒಳಗೆ ಹೋಗಿ ಕೂತೆ. ಗೋಡೆಯ ಮೇಲೆ ಟಿವಿ ಇತ್ತು, ಡಬ್ಬಿ ಕಾಣಲಿಲ್ಲ.

"ಎಲ್ಲೈತಬೇ?"

ಅವಳು ತಲೆ ತಗ್ಗಿಸಿ ಕಪಾಟಿನ ಮೇಲೆ ಕೈ ತೋರಿಸಿದಳು. ಡಬ್ಬಿಯನ್ನು ಹೊಸ ಟವೆಲ್ಲಿನಲ್ಲಿ ಸುತ್ತಿ, ಮೇಲೆ ಅರಿಷಿಣ ಕುಂಕುಮ ಏರಿಸಿ ಇಟ್ಟಿದ್ದರು. ಪಕ್ಕದಲ್ಲೇ ನಾನು ಕೊಟ್ಟ ಕಾಯಿ. ನನ್ನ ತಪ್ಪು ನನಗೆ ಅರ್ಥವಾಯಿತು. ಕಾಯಿ, ಖಣದ ಜೊತೆ ಕೊಟ್ಟ ವಸ್ತುವಿಗೆ ಬೀಗರು ಹೇಗೆ ತಪ್ಪು ಹೇಳುತ್ತಾರೆ? ನಾನು ಪರೀಕ್ಷೆಗೆ ಕೊಟ್ಟಿರಲಿಲ್ಲ, ಉಡಿ ತುಂಬಿ ಬಂದಿದ್ದೆ.

ನಾದಿನಿಯ ಅತ್ತೆಯ ಮುಂದೆ ಕೂತು ಕೈ ಮುಗಿದೆ. "ಯವ್ವಾ, ಖರೇ ಹೇಳ್ರಿ. ನಾ ಸಿಟ್ಟ ಮಾಡ್ಕೊಳ್ಳಾಂಗಿಲ್ಲ. ನೀವು ಸುಳ್ಳ ಹೇಳಿದ್ರ ಐದ ಮಂದಿ ಹೆಣ್ಣಮಕ್ಕಳ ಕೆಲಸ ಹೋಗ್ತೈತಿ."

ಆ ಹಿರಿಯರು ಸೊಸೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಕಟ್ಟೆ ಒಡೆದ ಹಾಗೆ ಶುರುವಾದರು.

"ಖರೇ ಹೇಳಲೇನ? ನಿನ್ನ ಡಬ್ಬಿ ನನ್ನ ಟಿವಿ ನುಂಗಿತ್ತ ನೋಡ್ವಾ! ಅದನ್ನ ಹಚ್ಚಾಕ ಹಿಂದಿನ ವಾಯರ್ ಕಿತ್ರು. ಆಟ ಮುಗೀತು, ಹೊಳ್ಳಿ ಹಾಕಿದ್ರು. ಟಿವಿ ತುಂಬ ನೀಲಿ! ಮಾತಿಲ್ಲ, ಕತಿಲ್ಲ. ಎರಡ ದಿನ ನಾ ಧಾರಾವಾಹಿ ನೋಡಿಲ್ಲ. ಆ ಸೊಸಿ ವಿಷಾ ಕುಡಿದ್ಲೋ ಬಿಟ್ಲೋ, ಇವತ್ತಿನತನಕ ಗೊತ್ತಿಲ್ಲ ನನಗ!"

"ಕೇಬಲ್‌ದಾವ ಬಂದ ಬೈದು ಹ್ವಾದ ವೈನಿ," ಎಂದಳು ನಾದಿನಿ. "ಹಳದಿ ಪಿನ್ ಬಿಳೀದ್ರಾಗ ಹಾಕಿದ್ವಿ, ಮ್ಯಾಲ ರಿಮೋಟಿನ್ಯಾಗ ಏನೋ ಬದಲ್ ಮಾಡ್ಬೇಕಂತ. ನಮಗೇನ ತಿಳೀತೈತಿ?"

ನಾನು ಎದ್ದು ಗೋಡೆಗೆ ಕೆನ್ನೆ ಹಚ್ಚಿ ಟಿವಿಯ ಹಿಂದೆ ಇಣುಕಿದೆ. ಕೆಂಪು, ಬಿಳಿ, ಹಳದಿ. ಮೂರೂ ತೂತುಗಳಲ್ಲಿ ಸೆಟ್‌ಟಾಪ್ ಪೆಟ್ಟಿಗೆಯ ಪಿನ್ನುಗಳು ಕೂತಿದ್ದವು. ನಮ್ಮ ಡಬ್ಬಿಗೆ ಜಾಗವೇ ಇರಲಿಲ್ಲ.

ಅಲ್ಲೇ ನಿಂತು ನನಗೆ ನಮ್ಮ ಪಡಸಾಲೆ ನೆನಪಾಯಿತು. ನಮ್ಮ ಟಿವಿಯ ಮೂರು ತೂತು ಖಾಲಿ ಇದ್ದದ್ದು ನಾನು ಶ್ರಾವಣ ಹಿಡಿದದ್ದಕ್ಕೆ. ಎರಡು ವಾರ ನಾಲ್ಕು ಕಣ್ಣು ಇಟ್ಟು ನೋಡಿದರೂ ಈ ಒಂದು ಸಂಗತಿ ನಮಗೆ ಕಾಣದಿದ್ದದ್ದು ಅದಕ್ಕೇ. ಇಪ್ಪತ್ತು ವರ್ಷ ಟಿವಿ ಬಿಚ್ಚಿದವರಿಗೂ ಹೊಳೆಯಲಿಲ್ಲ. ಅವರ ಅಂಗಡಿಗೆ ಬರುತ್ತಿದ್ದ ಟಿವಿಗಳೂ ಸೆಟ್‌ಟಾಪ್ ಇಲ್ಲದೆ ಬರುತ್ತಿದ್ದವಲ್ಲ. ವ್ರತ ಹಿಡಿದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅಚ್ಚು ಮಾಡಿಸುವ ಮೊದಲೇ ತೋರಿಸಿದನಲ್ಲ ಶಿವ, ಅಷ್ಟು ಸಾಕು ಎಂದುಕೊಂಡೆ. ಪಿನ್ನುಗಳನ್ನು ಒಂದೊಂದಾಗಿ ನೋಡಿ ಸರಿಯಾಗಿ ಕೂರಿಸಿ, ರಿಮೋಟಿನಲ್ಲಿ ಮಾಡಬೇಕಾದದ್ದನ್ನು ನಾದಿನಿಗೆ ಕಲಿಸಿಕೊಟ್ಟು ಎದ್ದೆ. ಹೊರಡುವಾಗ ಆ ಹಿರಿಯರು ನನ್ನ ಕೈ ಹಿಡಿದು, "ಸಿಟ್ಟಾಗಬ್ಯಾಡವ್ವಾ, ಖಣ ಮಾತ್ರ ಛಂದ ಐತಿ," ಎಂದರು.

ಮರುದಿನ ಬಬಲೇಶ್ವರಕ್ಕೆ ಹೋದೆ. ಅಕ್ಕನ ಹತ್ತಿರ ಆ ಸಂಕೋಚವೆಲ್ಲ ಇಲ್ಲ. ಅವಳ ಮನೆಯಲ್ಲಿರುವುದು ಹಳೆಯ ಡಬ್ಬಾ ಟಿವಿ. ಹೊಸ್ತಿಲು ದಾಟುವ ಮೊದಲೇ ಬೈಗುಳ ಕೇಳಿಸಿತು.

"ಬಾ, ಬಾ. ಕುರಿ ಎಣಿಸಿಕೊಡ ಬಾ. ಹದಿನೈದ ಕುರಿ ಅಂತ ನಿನ್ನ ಆಟದಾಗ ಬರೀತಾರ. ನನಗ ಕಾಣೂದ ಹನ್ನೊಂದ. ಉಳಿದಾವ ಟಿವಿ ಹೊರಗ ಮೇಯಾಕ ಹೋಗ್ಯಾವೇನ?"

ಹಚ್ಚಿ ನೋಡಿದೆ. ಆ ಹಳೆಯ ಟಿವಿ ಚಿತ್ರದ ನಾಲ್ಕೂ ಅಂಚನ್ನು ಒಂದು ಬೆರಳಿನಷ್ಟು ನುಂಗುತ್ತಿತ್ತು. ಹುಲಿ-ಕುರಿ ಆಟದ ಮನೆಗಳ ಕೆಳಗಿನ ಸಾಲು ಪೂರ್ತಿ ಮಾಯ, ಅಂಕಿಗಳು ಅರ್ಧ ಮಾಯ. ಕಾಣದ ಕುರಿಯನ್ನು ಹುಲಿ ಬಂದು ತಿನ್ನುತ್ತಿತ್ತು. ಇದನ್ನು ಸರಿಮಾಡಬಹುದು, ಚಿತ್ರವನ್ನು ಒಳಗೆ ಸರಿಸಿದರಾಯಿತು ಎಂದುಕೊಳ್ಳುತ್ತಿರುವಾಗಲೇ ಕರೆಂಟು ಹೋಯಿತು. ಸಂಜೆ ಆರೂವರೆ ಇರಬೇಕು. ಟಿವಿಯ ಜೊತೆ ನಮ್ಮ ಡಬ್ಬಿಯೂ ಆರಿತು.

ಅಕ್ಕನ ಮೊಮ್ಮಗಳು ಎದ್ದು ಹೋಗಿ ಹಾಸಿಗೆಯ ಸಂದಿಯಿಂದ ಏನನ್ನೋ ತಂದಳು. ಎರಡು ವರ್ಷದ ಹಿಂದೆ ನಾನೇ ಕೊಟ್ಟ ಕೈಯಾಟ. ಮೂಲೆ ಒಡೆದಿತ್ತು, ಒಂದು ಬಟನ್ನಿಗೆ ಬಟ್ಟೆಯ ತುಂಡು ಅಂಟಿಸಿದ್ದರು. ಕತ್ತಲಲ್ಲಿ ಅದರ ಬೆಳಕು ಅವಳ ಮುಖಕ್ಕೆ ಬಿತ್ತು. ಗುಂಡು ಉರುಳಿದಂತೆಲ್ಲ ಅವಳ ಹೆಗಲು ಆ ಕಡೆಗೆ ವಾಲುತ್ತಿತ್ತು. ಅಕ್ಕನೂ ಕಂದೀಲು ಹಚ್ಚುವುದನ್ನು ಬಿಟ್ಟು ಪಕ್ಕದಲ್ಲಿ ಕೂತು, "ಹೊಳ್ಳಸ, ಹೊಳ್ಳಸಲೇ, ಬಿತ್ತ ನೋಡದು!" ಎಂದು ತಾನೂ ವಾಲಿದಳು.

ನಾನು ನೋಡುತ್ತ ಕೂತೆ. ಕರೆಂಟು ಹೋದಾಗ, ಟಿವಿ ಇನ್ನೊಬ್ಬರ ಪಾಲಿಗೆ ಹೋದಾಗ, ಬಸ್ಸಿನಲ್ಲಿ, ಹೊಲದ ಬದುವಿನ ಮೇಲೆ, ಇಂಥ ಹೊತ್ತಿನಲ್ಲೇ ಜನ ಇದನ್ನು ಆಡುತ್ತಾರೆ. ಟಿವಿಗೆ ಮನೆಯಲ್ಲಿ ಮೊದಲೇ ಒಬ್ಬ ಯಜಮಾನಿ ಇರುತ್ತಾಳೆ. ಕೈಯಾಟವನ್ನು ಯಾರ ಹತ್ತಿರವೂ ಕೇಳಿ ಆಡಬೇಕಾಗಿಲ್ಲ.

ಮನೆಗೆ ಬಂದು ಎಲ್ಲ ಹೇಳಿದೆ. ಮೈದುನನ ಮುಖ ಬಾಡಿತು. ಪಾಪ, ಒಂದೊಂದು ಅಕ್ಷರ ಕೈಯಾರೆ ಬರೆದಿದ್ದ. "ಎಲ್ಲಾಕ್ಕೂ ದಾರಿ ಐತಿ ವೈನಿ," ಎಂದು ಮತ್ತೆ ಕೂತ. ದಾರಿ ಇತ್ತು ಕೂಡ. ಚಿತ್ರದ ಅಂಚನ್ನು ಒಳಗೆ ಸರಿಸಿದ. ಸೆಟ್‌ಟಾಪ್ ವಾಯರು ಕೀಳದೆಯೇ ಆ ಕಡೆ ಈ ಕಡೆ ಬದಲಿಸಲು ಒಂದು ಸಣ್ಣ ಸ್ವಿಚ್ಚಿನ ಪೆಟ್ಟಿಗೆ ಮಾಡಿ ನಡುವೆ ಕೂರಿಸಿದ. ಡಬ್ಬಿ ಮೊದಲಿಗಿಂತ ಚಲೋ ಆಯಿತು. ಅವನ ಬುದ್ಧಿಗೆ ನಾನು ಕುಂದು ಹೇಳುವುದಿಲ್ಲ.

ಆದರೆ ಈ ಐದಾರು ದಿನದಲ್ಲಿ ಮನೆಯವರು ಆ ಎರಡು ಡಬ್ಬಿಗಾಗಿ ಐದು ಸಲ ಗಾಡಿ ಹೊಡೆದಿದ್ದರು. ಸ್ವಿಚ್ಚು ಕೂರಿಸಲು ಒಮ್ಮೆ, ಸ್ವಿಚ್ಚು ತಿರುಗಿಸುವುದು ಹೇಗೆಂದು ತೋರಿಸಲು ಇನ್ನೊಮ್ಮೆ, ಏನೂ ಆಗದಿದ್ದರೂ "ಟಿವಿ ಯಾಕೋ ಮಬ್ಬ ಆಗೇತಿ, ನಿಮ್ಮ ಡಬ್ಬೀದ ಮಾಟ ಇರಬೇಕ" ಎಂದು ಕರೆದದ್ದಕ್ಕೆ ಮತ್ತೊಮ್ಮೆ. ಕೈಯಾಟ ಕೆಟ್ಟರೆ ಕೊಂಡವರು ಕಿಸೆಯಲ್ಲಿಟ್ಟುಕೊಂಡು ಅಂಗಡಿಗೆ ಬರುತ್ತಾರೆ. ಟಿವಿಯ ಡಬ್ಬಿ ಕೆಟ್ಟರೆ ನಾವು ಅವರ ಮನೆಗೆ ಹೋಗಬೇಕು.

ಅವತ್ತು ಊಟಕ್ಕೆ ಕೂತಾಗ ಹೇಳಿದೆ, "ಸಾವಿರ ಮಾರಿದ್ರಿ ಅಂತ ತಿಳೀರಿ. ಹೊಳ್ಳಿ ಬರೂದ ಬ್ಯಾಡ, ಎಲ್ಲಾ ಮಾರಿಹೋದ್ವು. ಸಾವಿರ ಮನಿಗಿ ಹೋಗೂದ ಯಾರ?"

ಮನೆಯವರು ರೊಟ್ಟಿ ಮುರಿಯುವ ಕೈ ನಿಲ್ಲಿಸಿದರು. ಮೈದುನನೇ ತಾಟು ಸರಿಸಿ ಅಂದ, "ಸಾವಿರ ಬ್ಯಾಡ ಅಣ್ಣಾ. ಕೈಯಾಟ ನಿಲ್ಲಸೂದ ಬ್ಯಾಡ."

ನಾನು ಎದ್ದು ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕಿ ಬಂದೆ. ಅವನ ಬಾಯಿಂದಲೇ ಆ ಮಾತು ಬರಬೇಕೆಂದು ಬೇಡಿಕೊಂಡಿದ್ದೆ.

ಹಬ್ಬಕ್ಕೆ ಇನ್ನು ಆರು ದಿನ ಇರುವಾಗ ವ್ಯಾಪಾರಿ ಬಂದರು. ಮನೆಯವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ವ್ಯಾಪಾರಿಗೆ ಸಿಟ್ಟು ಬಂತು.

"ನಿಮ್ಮ ಹಣೇಬಾರ ನೋಡ್ರಿ ಇದು! ಲಕ್ಷ್ಮಿ ಬಾಗಲಿಗಿ ಬಂದ್ರ ಧಾರಾವಾಹಿ ಹೊತ್ತಾತಂತ ಕಳಿಸಿದಂಗಾತು. ಟಿವಿ ಡಬ್ಬಿ ಇಲ್ಲಂದ್ರ ನನಗ ಕೈಯಾಟಾನೂ ಬ್ಯಾಡ. ನಾ ಬ್ಯಾರೇ ಕಡಿಂದ ತರಸ್ತೇನಿ."

ಪಡಸಾಲೆಯಲ್ಲಿ ಐದೂ ಬೆಸುಗೆ ಕಡ್ಡಿಗಳು ನಿಂತವು. ನಾವು ಹೆದರಿದ್ದು ಇದಕ್ಕೇ. ಹೂಂ ಅಂದರೂ ಬಾಗಿಲು ಹಾಕಬೇಕು, ಊಹೂಂ ಅಂದರೂ ಬಾಗಿಲು ಹಾಕಬೇಕು ಎಂಬಂತಾಯಿತು.

ನನಗೆ ಎಲ್ಲಿಂದ ಧೈರ್ಯ ಬಂತೋ ತಿಳಿಯದು. ಒಳಗಿನಿಂದ ಡಬ್ಬಿಯನ್ನು ತಂದು ಅವರ ಮುಂದಿಟ್ಟೆ. ಸ್ವಿಚ್ಚು ಇರುವುದು, ಅಂಚು ಸರಿಯಾಗಿರುವುದು, ನಮ್ಮಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯದು. ಮೋಸ ಮಾಡಿ ಗೆಲ್ಲುವುದು ನನಗೆ ಬೇಕಿರಲಿಲ್ಲ.

"ಸಾವ್ಕಾರ್ರ, ನನ್ನದೊಂದ ಮಾತ ನಡಸ್ರಿ. ಇದನ್ನ ನಿಮ್ಮ ಮನ್ಯಾಗ ಹಚ್ಚ್ರಿ. ಹಬ್ಬದ ತನಕ ಇಡ್ರಿ. ಆಮ್ಯಾಲೂ ನೀವು ಸಾವಿರ ಅಂದ್ರ ಸಾವಿರಾನ. ನಾವು ಹೂಂ ಅಂತೇವಿ."

ಮನೆಯವರು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ವ್ಯಾಪಾರಿ ಡಬ್ಬಿಯನ್ನು ಹೊರಳಿಸಿ ನೋಡಿ, "ಇಷ್ಟ ಹೌದಿಲ್ಲರಿ, ಆತ ತಗೋರಿ," ಎಂದು ಒಯ್ದರು. ಈ ಸಲ ಕಾಯಿ ಇಡಲಿಲ್ಲ, ಖಣವಂತೂ ಇಲ್ಲವೇ ಇಲ್ಲ.

"ಅಕ್ಕಾರ, ಅವರ ಮನ್ಯಾಗ ಎರಡ ಟಿವಿ ಇದ್ರ?" ಎಂದಳು ಇಟ್ಟಂಗಿಹಾಳದವಳು.

"ಸುಮ್ನ ಕೆಲಸ ಮಾಡಬೇ," ಎಂದೆ. ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

ಒಂದು ದಿನ ಹೋಯಿತು. ಎರಡು ದಿನ ಹೋಯಿತು. ಫೋನಿಲ್ಲ, ಸುದ್ದಿಯಿಲ್ಲ. ಮೂರನೆಯ ದಿನ ನಾನು ಹಬ್ಬದ ಕಡುಬಿಗೆಂದು ಕೊಬ್ಬರಿ ಹೆರೆಯುತ್ತಿದ್ದಾಗ ಎರಡು ಸಲ ಬೆರಳು ಹೆರೆದುಕೊಂಡೆ. ನಾಲ್ಕನೆಯ ದಿನ ಮುಂಜಾನೆ ಹನ್ನೊಂದರ ಸುಮಾರಿಗೆ ಗಾಡಿಯ ಸದ್ದಾಯಿತು. ವ್ಯಾಪಾರಿ ಡಬ್ಬಿಯನ್ನು ಕಂಕುಳಲ್ಲಿ ಹಿಡಿದುಕೊಂಡು ಒಳಗೆ ಬಂದರು. ಕುರ್ಚಿಯ ಮೇಲೆ ಕೂತರು. ಡಬ್ಬಿಯನ್ನು ನನ್ನ ಕಾಲ ಹತ್ತಿರ ಇಟ್ಟರು.

"ಅಕ್ಕಾರ, ಮೊದಲ ನೀರ ಕೊಡ್ರಿ."

ಕೊಟ್ಟೆ. ಗಟಗಟ ಕುಡಿದರು.

"ನಮ್ಮವ್ವ ಎರಡ ದಿನ ಆತು ನನ್ನ ಕೂಡ ಮಾತ ಬಿಟ್ಟಾಳ. ದಿನಾ ಮುಂಜಾನಿ ಟಿವ್ಯಾಗ ಪ್ರವಚನ ಕೇಳ್ತಾಳರಿ ಆಕಿ. ಹುಡುಗೋರು ಆ ಸ್ವಿಚ್ ಹಂಗ ಬಿಟ್ಟ ಸಾಲಿಗಿ ಹ್ವಾದ್ವು. ಈಕಿ ಹಣಿಗಿ ಇಬತ್ತಿ ಹಚ್ಚೊಂಡ, ಕೈ ಮುಗಕೊಂಡ ಟಿವಿ ಚಾಲೂ ಮಾಡ್ಯಾಳ. ಸ್ವಾಮಿಗೋಳ ಬರೂ ಬದಲಿ ಹುಲಿ ಬಂದೈತಿ!"

ಪಡಸಾಲೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ವ್ಯಾಪಾರಿಗೂ ನಗು ಬಂತು, ಆದರೆ ತಡೆದುಕೊಂಡರು.

"ನಗಬ್ಯಾಡ್ರಿ. ಅಂಗಡ್ಯಾಗ ಗಿರಾಕಿ ಬಿಟ್ಟ ಮೂರ ಸಲ ಮನಿಗಿ ಓಡೇನಿ, ಒಂದ ಸ್ವಿಚ್ ತಿರುವಾಕ. ಮಾರಿದ ಮ್ಯಾಲ ಗಿರಾಕಿ ಮೊದಲ ಫೋನ್ ಹಚ್ಚೂದ ನನಗಲ್ಲರಿ? ನಿಮಗ ಆಮ್ಯಾಲ." ಅವರು ಮನೆಯವರ ಕಡೆ ತಿರುಗಿದರು. "ಕೈಯಾಟ ಹ್ವಾದ ವರ್ಷ ದಸರಾಕ್ಕ ಎಷ್ಟ ಕೊಟ್ಟಿದ್ರಿ, ಅಷ್ಟ ಈ ಸಲಾನೂ ಕೊಡ್ರಿ. ಟಿವೀದ ಯಾರರ ಕೇಳಿದ್ರ ಒಂದೊಂದ ಹೇಳ್ತೇನಿ. ಸಾವಿರದ ಮಾತ ಬಿಟ್ಟಬಿಡ್ರಿ."

ಮೈದುನ ಕೇಳಿದ, "ಹೊಳ್ಳಿ ಕೊಡೂ ಕರಾರ?"

"ಕೈಯಾಟಕ್ಕ ಯಾವಾಗರ ಇತ್ತೇನಪ್ಪಾ ಅದು?"

ಗಾಡಿ ಹೋಯಿತು. ಮನೆಯವರು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ನಾನು ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ. ಎಷ್ಟು ಉಪಕಾರಗಳನ್ನು ಎಣಿಸಲಿ? ಅಕ್ಕನಿಗೆ ನಾಲಿಗೆ ಇದ್ದದ್ದು, ಬಬಲೇಶ್ವರದಲ್ಲಿ ಆ ಹೊತ್ತಿಗೇ ಕರೆಂಟು ಹೋದದ್ದು, ವ್ಯಾಪಾರಿಯ ತಾಯಿ ದಿನ ತಪ್ಪದೆ ಪ್ರವಚನ ಕೇಳುವ ಪುಣ್ಯವಂತರಾಗಿದ್ದದ್ದು. ನಮಗೆ ಸಿಕ್ಕದ್ದು ಹೊಸದೇನೂ ಅಲ್ಲ. ಇದ್ದದ್ದು ಇದ್ದ ಹಾಗೆ ಉಳಿಯಿತು, ಅಷ್ಟೇ. ಅಷ್ಟು ಉಳಿದದ್ದಕ್ಕೆ ಮನಸ್ಸು ಎಷ್ಟು ಹಗುರಾಯಿತೆಂದರೆ, ಮಧ್ಯಾಹ್ನದ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ. ಯಾರೂ ತಕರಾರು ಮಾಡದೆ ಉಂಡರು.

ಊಟವಾದ ಮೇಲೆ ಇಟ್ಟಂಗಿಹಾಳದವಳು ಮೂಲೆಯಲ್ಲಿದ್ದ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯ ಮುಂದೆ ನಿಂತಳು. ಕೈಯಾಟದ ಹೊಸ ಸ್ಕ್ರೀನುಗಳು ಅವು. ಇನ್ನು ಬೇಡವಾಗುತ್ತವೇನೋ ಎಂದು, ತಂದ ಕಡೆಗೇ ಹಿಂದಕ್ಕೆ ಕಳಿಸಲು ಅಂಟುಪಟ್ಟಿ ಹಚ್ಚಿ ಇಟ್ಟಿದ್ದೆವು.

"ಅಕ್ಕಾರ, ಇದನ್ನ ಒಡೀಲೇನ್ರಿ?"

ನಾನು ಕತ್ತರಿ ಕೊಟ್ಟೆ.

"ಒಡಿ ಬೇ," ಎಂದೆ. "ದಸರಾ ದೂರಿಲ್ಲ."